ಕೂಡಿದ ಮೇಲಿನ ವಿಷ

ಕಮತಿಹಾಳದ ನೀರು ಸರಬರಾಜು ಕೇಂದ್ರಕ್ಕೆ ಕೂಟಮಾಪಕ ಬಂದು ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ನೀರಿನಲ್ಲಿರುವ ಒಂದೊಂದು ರಾಸಾಯನಿಕವನ್ನೂ ಬೇರೆ ಬೇರೆಯಾಗಿ ಅಳೆದು, ಒಂದೊಂದರ ಮುಂದೂ ‘ಮಿತಿಯೊಳಗಿದೆ’ ಎಂದು ಬರೆದು ಸಹಿ ಹಾಕಿದರೆ ಕೆಲಸ ಮುಗಿಯುತ್ತಿತ್ತು. ನಲವತ್ತು ವಸ್ತುಗಳು ನಲವತ್ತೂ ಮಿತಿಯೊಳಗೇ ಇದ್ದು, ಎಲ್ಲ ಸೇರಿ ಒಂದೇ ಲೋಟದಲ್ಲಿ ಮನುಷ್ಯನ ಹೊಟ್ಟೆಗಿಳಿದರೆ ಏನಾಗುತ್ತದೆ ಎಂದು ಕೇಳಿದರೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ. ಕೂಟಮಾಪಕ ಆ ಉತ್ತರ ಹೇಳುವ ಯಂತ್ರ. ಒಂದು ಚಮಚ ನೀರು ಕೊಟ್ಟರೆ ಅದರಲ್ಲಿರುವುದನ್ನೆಲ್ಲ ಗುರುತು ಹಿಡಿದು, ತನ್ನೊಳಗಿನ ಲೆಕ್ಕದ ಪಿತ್ತಜನಕಾಂಗಕ್ಕೆ ಆ ಮಿಶ್ರಣವನ್ನು ಕುಡಿಸಿ ನೋಡಿ, ಸೊನ್ನೆಯಿಂದ ನೂರರೊಳಗೆ ಒಂದು ಅಂಕಿ ಹೇಳುತ್ತಿತ್ತು. ಐವತ್ತು ದಾಟಿದರೆ ನೀರು ಬಿಡುವಂತಿಲ್ಲ.

ಊರವರು ಅದನ್ನು ಜಾತಕದ ಪೆಟ್ಟಿಗೆ ಎನ್ನುತ್ತಿದ್ದರು. ಯಾರಿಗೆ ಯಾರು ಕೂಡಿ ಬರುತ್ತಾರೆ, ಯಾರು ಕೂಡಿದರೆ ಮನೆ ಹಾಳು ಎಂದು ಹೇಳುವುದು ಜಾತಕವಲ್ಲದೆ ಇನ್ನೇನು? ಪ್ರತಿದಿನದ ಅಂಕಿ ಬಜಾರಿನ ಕಟ್ಟೆಯ ಮೇಲಿನ ಫಲಕದಲ್ಲಿ ಬೀಳುತ್ತಿತ್ತು. ಹಾಲು ತರಲು ಹೋದವರು ಅದನ್ನು ನೋಡಿಕೊಂಡೇ ಮನೆಗೆ ಬರುತ್ತಿದ್ದರು. ಚಹಾದಂಗಡಿಯವನು ‘ಇವತ್ತಿನ ನೀರು ಎಂಟು’ ಎಂದು ಸೀಮೆಸುಣ್ಣದಲ್ಲಿ ಬರೆದು ಗಿರಾಕಿಗಳನ್ನು ಕರೆಯುತ್ತಿದ್ದ.

ಎಂಟರ ಆಜೂಬಾಜು ಇದ್ದ ಅಂಕಿ ಈ ಬೇಸಿಗೆಯಲ್ಲಿ ಮೂವತ್ತೆಂಟಕ್ಕೆ ಏರಿ ಅಲ್ಲೇ ನಿಂತುಬಿಟ್ಟಿತು. ಒಂದು ತಿಂಗಳಾದರೂ ಇಳಿಯಲಿಲ್ಲ. ಯಾರೂ ಹಾಸಿಗೆ ಹಿಡಿಯಲಿಲ್ಲ, ನಿಜ. ಆದರೆ ಮಕ್ಕಳಿಗೆ ಹೊಟ್ಟೆ ತೊಳಸಿದರೂ, ಮುದುಕರಿಗೆ ಬಾಯಿ ಕಹಿಯಾದರೂ ಎಲ್ಲರ ಕಣ್ಣು ಫಲಕದ ಕಡೆ ಹೋಗುತ್ತಿತ್ತು. ಆಮೇಲೆ ಬಣ್ಣದ ಮನೆಗಳ ಕಡೆ. ಸೀರೆ ನೇಯುವ ಊರು ಅದು. ನೂಲಿಗೆ ಬಣ್ಣ ಹಾಕುವ ಹನ್ನೊಂದು ಮನೆಗಳ ನೀರು ಹಳ್ಳಕ್ಕೆ ಸೇರಿ, ದಿನಕ್ಕೊಂದು ಬಣ್ಣವಾಗಿ ಹರಿದು, ಊರಿಗೆ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ಗೆ ಸ್ವಲ್ಪ ಮೇಲೆಯೇ ಹೊಳೆಗೆ ಬೀಳುತ್ತಿತ್ತು. ಕೆಂಪು ನೀರನ್ನು ಕಣ್ಣಾರೆ ಕಂಡವರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬರುವ ಸೋಮವಾರದಿಂದ ಹನ್ನೊಂದೂ ಮನೆಗಳನ್ನು ಮುಚ್ಚಬೇಕೆಂದು ಪುರಸಭೆ ಆದೇಶ ಹೊರಡಿಸಿತು.

ನೀರಿನ ಕೇಂದ್ರದ ಕೆಮಿಸ್ಟ್ ಶಾಂಭವಿ ಆ ಆದೇಶದ ಪ್ರತಿಯನ್ನು ಓದಿದ್ದು ಮನೆಯ ಅಡುಗೆಕಟ್ಟೆಯ ಮುಂದೆ ನಿಂತು. ಅದನ್ನು ತಂದು ಕೈಗಿತ್ತವಳು ಅವಳ ನಾದಿನಿ ದಾನಮ್ಮ. ಗಂಡ ಅಡಿವೆಪ್ಪನ ಅಕ್ಕ. ಹನ್ನೊಂದರಲ್ಲಿ ದೊಡ್ಡ ಬಣ್ಣದ ಮನೆ ಅವಳದೇ.

“ಓದಿದೇನ?” ಎಂದಳು ದಾನಮ್ಮ. “ನಿನ್ನ ಪೆಟ್ಟಿಗಿ ಹೇಳಿದ್ದ ಮಾತಿಗೆ ನಾಕನೂರ ಮಂದಿ ಮನಿಯಾಗ ಕೂಡಬೇಕು.”

“ಪೆಟ್ಟಿಗಿ ಬಣ್ಣದ ಮನಿ ಅಂತ ಹೇಳಿಲ್ಲಕ್ಕ. ಮೂವತ್ತೆಂಟು ಅಂತ ಹೇಳೈತಿ. ಬಣ್ಣದ ಮನಿ ಅಂತ ಹೇಳಿದ್ದು ಊರು.”

“ಹಂಗಾರ ಪೆಟ್ಟಿಗೀನ ಕೇಳು. ನಂದ ತಪ್ಪು ಅಂತ ಅದು ಹೇಳಿದ್ರ, ಸೋಮವಾರ ನಾನ ಬಾಗಲಾ ಹಾಕ್ತೀನಿ. ಯಾರೂ ಬರೂದು ಬ್ಯಾಡ.”

ದಾನಮ್ಮ ನೀರನ್ನೂ ಕುಡಿಯದೆ ಎದ್ದು ಹೋದಳು. ಶಾಂಭವಿಗೆ ಅದು ಚುಚ್ಚಿತು.

ಶುಕ್ರವಾರ ಬೆಳಿಗ್ಗೆ ನಿಯಂತ್ರಣ ಕೋಣೆಗೆ ಬಂದವಳೇ ಶಾಂಭವಿ ಆ ಕೆಲಸಕ್ಕೆ ಕುಳಿತಳು. ಕೂಟಮಾಪಕದಲ್ಲಿ ಒಂದು ಅನುಕೂಲವಿತ್ತು. ನೀರಿನಲ್ಲಿರುವ ವಸ್ತುಗಳ ಪಟ್ಟಿಯಿಂದ ಯಾವುದನ್ನಾದರೂ ತೆಗೆದುಹಾಕಿ, ‘ಇದು ಇರದಿದ್ದರೆ?’ ಎಂದು ಕೇಳಬಹುದಿತ್ತು. ಅವಳು ಬಣ್ಣದ ಮನೆಗಳಿಂದ ಬರುವ ಹದಿನಾಲ್ಕು ವಸ್ತುಗಳನ್ನೂ ಒಟ್ಟಿಗೆ ತೆಗೆದಳು. ಅಂಕಿ ಹತ್ತಕ್ಕೋ ಹನ್ನೆರಡಕ್ಕೋ ಇಳಿಯುತ್ತದೆ, ಅದನ್ನು ಅಕ್ಕನಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಲೇ ಗುಂಡಿ ಒತ್ತಿದಳು.

ಪರದೆಯ ಮೇಲೆ ಎಂಬತ್ತಾರು ಎಂದು ಬಂತು.

ತಾನು ತೆಗೆಯುವ ಬದಲು ಸೇರಿಸಿಬಿಟ್ಟೆನೇನೋ ಎಂದು ಪಟ್ಟಿಯನ್ನು ಮತ್ತೆ ನೋಡಿದಳು. ಸರಿಯಾಗಿಯೇ ಇತ್ತು. ಇನ್ನೊಂದು ಚಮಚ ನೀರು ಕೊಟ್ಟು ಮೊದಲಿನಿಂದ ಮಾಡಿದಳು. ಎಂಬತ್ತೈದು. ಬಣ್ಣದ ಮನೆಗಳನ್ನು ಮುಚ್ಚಿದರೆ ನೀರು ಚೊಕ್ಕಟವಾಗುವುದಿಲ್ಲ, ವಿಷವಾಗುತ್ತದೆ ಎಂದು ಯಂತ್ರ ಹೇಳುತ್ತಿತ್ತು. ಅದೂ ಅರವತ್ತು ಸಾವಿರ ಜನ ಕುಡಿಯುವ ನೀರು.

ಆಮೇಲೆ ಅವಳು ಉಳಿದವನ್ನು ಒಂದೊಂದಾಗಿ ತೆಗೆಯುತ್ತ ಹೋದಳು. ಗೊಬ್ಬರದ ಉಪ್ಪು ತೆಗೆದರೆ ಮೂವತ್ತೇಳು. ಸಾಬೂನಿನ ಅಂಶ ತೆಗೆದರೆ ಮೂವತ್ತಾರು. ಹೊಳೆಯ ಮೇಲ್ಗಡೆಯ ದ್ರಾಕ್ಷಿ ತೋಟಗಳಲ್ಲಿ ಬೂಷ್ಟು ರೋಗಕ್ಕೆ ಸಿಂಪಡಿಸುವ ಔಷಧ ತೆಗೆದರೆ ಹನ್ನೆರಡು! ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಅದನ್ನು ವಾಪಸು ಸೇರಿಸಿ, ಮುಂದಿನದನ್ನು ತೆಗೆದಳು. ಒಂಬತ್ತು.

ಆ ವಸ್ತು ಮೈಲುತುತ್ತ, ತಾಮ್ರದ ನೀಲಿ ಉಪ್ಪು.

ಶಾಂಭವಿ ಪರದೆಯಿಂದ ಕಣ್ಣು ಕಿತ್ತು ಕಿಟಕಿಯಾಚೆ ನೋಡಿದಳು. ಅಲ್ಲಿ ನೀರು ತಿಳಿಯಾಗಲು ನಿಲ್ಲಿಸುವ ದೊಡ್ಡ ಹೊಂಡ. ಅದರ ದಂಡೆಯ ಮೇಲೆ ನೀಲಿ ಡ್ರಮ್ಮು, ಡ್ರಮ್ಮಿನಿಂದ ಹನಿ ಹನಿಯಾಗಿ ಹೊಂಡಕ್ಕೆ ಇಳಿಯುವ ಸಣ್ಣ ಪೈಪು. ಬೇಸಿಗೆಯ ಆರಂಭದಲ್ಲಿ ಹೊಂಡದ ತುಂಬ ಪಾಚಿ ಬೆಳೆದು ನೀರು ಕೊಳೆತ ಮೀನಿನಂತೆ ನಾರತೊಡಗಿದಾಗ, ಪಾಚಿ ಸಾಯಲೆಂದು ಮೈಲುತುತ್ತ ಹಾಕಲು ಶಿಫಾರಸು ಮಾಡಿ ಸಹಿ ಹಾಕಿದವಳು ಅವಳೇ. ಪ್ರಮಾಣ ಮಿತಿಯ ಕಾಲು ಭಾಗ. ತಪ್ಪೇನೂ ಇರಲಿಲ್ಲ. ಒಂಟಿಯಾಗಿ.

ಒಂದು ಗಂಟೆಯೊಳಗೆ ಇಡೀ ಗೋಜಲು ಬಿಚ್ಚಿಕೊಂಡಿತು. ಮೈಲುತುತ್ತ ಒಂಟಿಯಾಗಿದ್ದರೆ ಜೀವಕೋಶದ ಜಿಡ್ಡಿನ ಪೊರೆಯನ್ನು ಸುಲಭವಾಗಿ ದಾಟಲಾರದು. ದ್ರಾಕ್ಷಿಯ ಔಷಧ ದಾಟಬಲ್ಲದು, ಆದರೆ ಅಷ್ಟು ಸ್ವಲ್ಪ ಒಳಗೆ ಹೋಗಿ ಮಾಡುವಂಥದ್ದೇನೂ ಇಲ್ಲ. ಎರಡೂ ಕೈ ಕೈ ಹಿಡಿದರೆ ಒಂದು ದಾರಿ ತೋರಿಸುತ್ತದೆ, ಇನ್ನೊಂದು ಒಳಗೆ ಹೊಕ್ಕು ಹಾಳುಗೆಡವುತ್ತದೆ. ಇಷ್ಟು ದಿನ ಅವೆರಡೂ ಪೂರ್ತಿ ಜೊತೆಗೂಡದಂತೆ ತಡೆದದ್ದು ಬಣ್ಣದ ಮನೆಗಳ ಒಂದು ಪುಡಿ. ಗಡಸು ನೀರಿನಲ್ಲಿ ಬಣ್ಣ ನೂಲಿಗೆ ಸರಿಯಾಗಿ ಹತ್ತುವುದಿಲ್ಲವೆಂದು ನೀರು ಮೆತ್ತಗೆ ಮಾಡಲು ಅವರು ಹಾಕುತ್ತಿದ್ದ ಆ ಪುಡಿಯ ಸ್ವಭಾವವೇ ಲೋಹ ಕಂಡಲ್ಲಿ ತಬ್ಬಿಕೊಳ್ಳುವುದು. ಹೊಳೆಗೆ ಬಂದ ಪುಡಿ ಮೈಲುತುತ್ತದ ಬಹುಪಾಲನ್ನು ತಾನೇ ತಬ್ಬಿ ಕೂರುತ್ತಿತ್ತು. ತಪ್ಪಿಸಿಕೊಂಡ ಚೂರುಪಾರೇ ಆ ಮೂವತ್ತೆಂಟು.

ಎಂಜಿನಿಯರ್ ಪಡಸಲಗಿ ಎಲ್ಲವನ್ನೂ ಕೇಳಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಮನುಷ್ಯ. ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಕಾಗದ ಬೇಕೆನ್ನುವವರು.

“ಶಾಂಭವಿಯವ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ನಾದಿನಿಯವರ ಬಣ್ಣದ ಮನಿ ಅದರಾಗೈತಿ ಅಂತ ಇಡೀ ಊರಿಗೆ ಗೊತ್ತು. ನೀವು ಹೋಗಿ ‘ಬಣ್ಣದ ನೀರು ಊರಿಗೆ ಒಳ್ಳೇದು’ ಅಂದ್ರ ಮಂದಿ ಏನಂತಾರ?”

“ಒಳ್ಳೇದು ಅಂತ ನಾನೂ ಅನ್ನೂದಿಲ್ರಿ ಸರ್. ಮೊದಲು ಮೈಲುತುತ್ತ ನಿಲ್ಲಸ್ರಿ, ಆಮ್ಯಾಲ ಬಣ್ಣದ ಮನಿ ಮುಚ್ಚ್ರಿ, ಏನೂ ಆಗೂದಿಲ್ಲ. ತಿರುವುಮುರುವು ಮಾಡಿದ್ರ ಮಂದಿ ಸಾಯ್ತಾರ. ಅದನ್ನ ಹಾಕ್ಸಿದಾಕಿ ನಾನ. ನಿಲ್ಲಸ್ರಿ ಅಂತ ಹೇಳಾಕಿನೂ ನಾನ.”

“ನಿಲ್ಲಿಸಿದ್ರ ಮತ್ತ ಪಾಚಿ ಬಂದು ಊರ ಮಂದಿ ಗೇಟಿಗೆ ಬರ್ತಾರ. ಮ್ಯಾಲಿನ ಆಫೀಸಿನ ಮಂಜೂರಾತಿ ತಗೊಂಡು ಹಾಕಿದ್ದು, ಬರೇ ಯಂತ್ರದ ಭವಿಷ್ಯ ನಂಬಿ ಹೆಂಗ ನಿಲ್ಲಸ್ಲಿ? ಜೀವ ಇರೂದರ ಮ್ಯಾಲ ಒಂದು ಪರೀಕ್ಷೆ ಮಾಡಿ ತೋರಸ್ರಿ. ಸೋಮವಾರದ ತನಕ ಬಣ್ಣದ ಮನಿ ನಡದ ಇರ್ತಾವ. ಗಾಬರಿ ಏನೈತಿ?”

ಆ ಮಾತಿನಲ್ಲಿ ನ್ಯಾಯವಿತ್ತು. ಶಾಂಭವಿ ಒಪ್ಪಿದಳು. ಮಧ್ಯಾಹ್ನದ ಹೊತ್ತಿಗೆ ಮೂರು ಗಾಜಿನ ಜಾಡಿಗಳನ್ನು ಕಿಟಕಿಯ ಪಕ್ಕ ಸಾಲಾಗಿಟ್ಟಳು. ಮೊದಲನೆಯದರಲ್ಲಿ ಈಗಿನ ನೀರು. ಎರಡನೆಯದರಲ್ಲಿ ಹಳ್ಳ ಸೇರುವ ಜಾಗಕ್ಕಿಂತ ಮೇಲಿನ ಹೊಳೆನೀರು, ಅದಕ್ಕೆ ಮೈಲುತುತ್ತ. ಮೂರನೆಯದರಲ್ಲೂ ಅದೇ ಮೇಲಿನ ನೀರು, ಆದರೆ ಮೈಲುತುತ್ತವಿಲ್ಲ. ಪ್ರತಿಯೊಂದಕ್ಕೂ ಎಳ್ಳಿನ ಗಾತ್ರದ ಇಪ್ಪತ್ತು ನೀರುಹುಳುಗಳನ್ನು ಬಿಟ್ಟಳು. ನೀರಿನ ಪರೀಕ್ಷೆಗೆಂದೇ ಸಾಕಿದ ಹುಳುಗಳು ಅವು, ಸಣ್ಣ ಕೇಡಿಗೂ ಮೊದಲು ಮಣಿಯುವಂಥವು. ಭಾನುವಾರ ಮಧ್ಯಾಹ್ನಕ್ಕೆ ನಲವತ್ತೆಂಟು ಗಂಟೆಯಾಗುತ್ತಿತ್ತು.

ಸಂಜೆ ಮನೆಯಲ್ಲಿ ಅಡಿವೆಪ್ಪ ರೊಟ್ಟಿ ಮುರಿಯುತ್ತ ಹೆಂಡತಿಯ ಮುಖ ನೋಡಿದ. ಅವನು ವಿದ್ಯುತ್ ಮಗ್ಗಗಳನ್ನು ರಿಪೇರಿ ಮಾಡುವವನು. ಯಾವ ಯಂತ್ರ ಎಲ್ಲಿ ಎಳೆಯುತ್ತಿದೆ ಎಂದು ಸದ್ದಿನಲ್ಲೇ ಹೇಳುವಂಥವನಿಗೆ ಹೆಂಡತಿಯ ಮೌನ ತಿಳಿಯದೆ ಇರುವುದಿಲ್ಲ. ಅವಳು ಎಲ್ಲವನ್ನೂ ಹೇಳಿದಳು.

“ಆ ಹನಿ ಪೈಪ್ ನೀನ ಸುಮ್ಮನ ಬಂದ್ ಮಾಡಿಬಿಡು,” ಎಂದ ಅವನು. “ಅಂಕಿ ಇಳೀತೈತಿ. ನೀ ಹಾಕ್ಸಿದ್ದಿ ಅಂತ ಯಾರಿಗೂ ತಿಳಿಯೂದಿಲ್ಲ.”

ಆ ಯೋಚನೆ ಮಧ್ಯಾಹ್ನವೇ ಅವಳ ತಲೆಗೂ ಬಂದು ಹೋಗಿತ್ತು. “ಸೋಮವಾರ ಬಣ್ಣದ ಮನಿ ಮುಚ್ಚಿರತಾವ. ಅಂಕಿ ಇಳಿದ ಕೂಡ್ಲೆ ‘ನೋಡ್ರಿ, ಮುಚ್ಚಿದ್ದಕ್ಕ ಇಳೀತು’ ಅಂತಾರ. ಅಕ್ಕನ ಬಾಗಲಾ ಮತ್ತ ತಗ್ಯೂದ ಇಲ್ಲ. ಅಷ್ಟ ಅಲ್ಲ, ದ್ರಾಕ್ಷಿ ತ್ವಾಟದ ಕೆಳಗಿರೋ ಇನ್ನೊಂದು ಊರಾಗ ನನ್ನಂಥಾಕಿ ಇನ್ನೊಬ್ಬಾಕಿ ನಾಳೆ ಮೈಲುತುತ್ತಕ್ಕ ಸಹಿ ಹಾಕ್ತಾಳ. ಆಕಿಗೆ ಯಾರು ಹೇಳೋರು?”

ಅಡಿವೆಪ್ಪ, “ಹಂಗಾರ ಹೇಳು. ಬೈದ್ರ ಇಬ್ಬರೂ ಬೈಸಿಕೊಳ್ಳೂಣು,” ಎಂದು ಅವಳ ತಾಟಿಗೆ ಪಲ್ಯ ಬಡಿಸಿದ.

ಭಾನುವಾರ ಶಾಂಭವಿ ಎಂಟಕ್ಕೇ ಕೇಂದ್ರಕ್ಕೆ ಬಂದಳು. ಪರದೆಯ ಮೇಲೆ ಮೂವತ್ತೊಂಬತ್ತು. ಜಾಡಿಗಳನ್ನು ಇಣುಕಿದಳು. ಎರಡನೆಯದರಲ್ಲಿ ಹತ್ತು ಹನ್ನೊಂದು ಹುಳುಗಳು ತಳ ಸೇರಿದ್ದವು. ಅವಳು ಅವನ್ನು ಎಣಿಸುತ್ತಿರುವಾಗಲೇ ಹೊಂಡದ ನೀರನ್ನು ತಾನೇ ಆಗಾಗ ತೆಗೆದು ನೋಡುವ ಯಂತ್ರ, ಅಂಕಿ ಏರಿತೆಂದು ಹಿಂದಿನಿಂದ ಗಂಟೆ ಬಾರಿಸಿತು. ನಲವತ್ತೈದು.

ವಾಲ್ವ್‌ಮನ್ ಲಾಲಸಾಬ್ ಹೊರಗಿನಿಂದ ಬಂದವನು, “ಮೇಡಮ್ಮರ, ಇವತ್ತ ಹಳ್ಳ ನೋಡೀರೇನ್ರಿ? ಕನ್ನಡಿ ಹಂಗ ತಿಳಿ ಐತಿ. ಬಣ್ಣಾನ ಇಲ್ಲ,” ಎಂದ.

ಶಾಂಭವಿ ತಕ್ಷಣ ನಾದಿನಿಗೆ ಫೋನು ಮಾಡಿದಳು.

“ನಿನ್ನೆ ಸಂಜೀಕೆ ಹನ್ನೊಂದ ಮಂದಿ ಕೂಡಿದ್ವಿ,” ಎಂದಳು ದಾನಮ್ಮ. “ಸೋಮವಾರ ಪೊಲೀಸ್ರು ಬಂದು ಮುಚ್ಚೂದು ಯಾಕ? ಮರ್ಯಾದಿಯಿಂದ ನಾವ ಮುಚ್ಚೂಣು ಅಂತ ನಿನ್ನೇನ ಒಲಿ ಆರಿಸೀವಿ. ಯಾಕವಾ, ಇನ್ನೂ ಏನರ ತಪ್ಪು ಮಾಡೀವೇನ?”

ಯಂತ್ರ ಮತ್ತೆ ಗಂಟೆ ಬಾರಿಸಿತು. ಐವತ್ತೊಂದು.

ಪಡಸಲಗಿಯವರು ಪಕ್ಕದ ತಾಲೂಕಿನ ಒಂದು ಮದುವೆಗೆ ಹೋಗಿದ್ದರು. ಎರಡು ಸಲ ಫೋನು ಮಾಡಿದರೂ ಎತ್ತಲಿಲ್ಲ. ಅಂಕಿ ಐವತ್ತು ದಾಟಿದರೂ ನೀರು ತಡೆಯುವ ಅಪ್ಪಣೆ ಅವರೇ ಕೊಡಬೇಕು. ಭಾನುವಾರ ಒಂಬತ್ತು ಗಂಟೆಗೆ ಊರಿಗೆಲ್ಲ ನೀರು ಬಿಡುವ ಸಮಯ. ಗಡಿಯಾರದಲ್ಲಿ ಒಂಬತ್ತಕ್ಕೆ ಹತ್ತು ನಿಮಿಷ ಇತ್ತು.

“ಲಾಲಸಾಬಣ್ಣ, ಇವತ್ತ ನೀರು ಬಿಡಬ್ಯಾಡ್ರಿ.”

“ಸಾಹೇಬ್ರ ಹುಕುಂ?”

“ನನ್ನ ಹುಕುಂ. ಬರ್ದ ಕೊಡ್ತೀನಿ. ಆಮ್ಯಾಲ ಆ ನೀಲಿ ಡ್ರಮ್ಮಿನ ಪೈಪ್ ಕಿತ್ತ ಬಿಡ್ರಿ.”

ಲಾಲಸಾಬ್ ಅವಳ ಮುಖವನ್ನೂ ಪರದೆಯನ್ನೂ ಒಮ್ಮೆ ನೋಡಿದ. “ಬರ್ಯೂದು ಆಮ್ಯಾಲ ಬರೀರಿ,” ಎಂದವನೇ ಹೊರಗೆ ಓಡಿದ.

ಅಂಕಿ ಹತ್ತೂವರೆಗೆ ಅರವತ್ತೆಂಟಾಯಿತು. ಹನ್ನೊಂದೂವರೆಗೆ ಎಂಬತ್ತೊಂದು. ಹೊಂಡದಲ್ಲಿ ಆಗಲೇ ಬೆರೆತಿದ್ದ ಮೈಲುತುತ್ತ ಎಲ್ಲಿಗೂ ಹೋಗಿರಲಿಲ್ಲ. ಬಜಾರಿನ ಫಲಕದಲ್ಲಿ ಆ ಅಂಕಿ ಕಂಡದ್ದೇ ತಡ, ಖಾಲಿ ಕೊಡ ಹಿಡಿದವರ ಗುಂಪು ಕೇಂದ್ರದ ಗೇಟಿಗೆ ಬಂದು ನಿಂತಿತು. ಅಂದು ಕಲ್ಯಾಣಮಂಟಪದಲ್ಲಿ ಎರಡು ಮದುವೆ. ಅಡುಗೆಯವರು ಸಾರಿಗೆ ಇಡಲು ನೀರಿಲ್ಲದೆ ಕೂಗಾಡುತ್ತಿದ್ದರು.

ದಾನಮ್ಮ ಗುಂಪನ್ನು ಸೀಳಿಕೊಂಡು ಒಳಗೆ ಬಂದಳು. ಶಾಂಭವಿ ನಾಲ್ಕೇ ಮಾತಿನಲ್ಲಿ ವಿಷಯ ತಿಳಿಸಿದಳು.

“ಹಂಗಾರ ಆ ಪುಡಿ ನನ್ನ ಗೋಡಾವ್ನಿನ್ಯಾಗ ನಾಕ ಚೀಲ ಐತಿ,” ಎಂದಳು ದಾನಮ್ಮ. “ತಂದು ಹೊಂಡಕ್ಕ ಸುರೀಲೇನ?”

ಹೌದೆಂದರೆ ಅರ್ಧ ಗಂಟೆಯಲ್ಲಿ ಅಂಕಿ ಇಳಿಯುತ್ತಿತ್ತು. ಶಾಂಭವಿಗೆ ಅದು ಗೊತ್ತಿತ್ತು. “ಬ್ಯಾಡಕ್ಕ. ಪಾಚಿಗೆ ಅಂತ ನಾ ಒಂದು ಹಾಕಿದ್ದಕ್ಕ ಇಷ್ಟಾತು. ಇನ್ನ ಅದಕ್ಕೊಂದು ಹಾಕೂದಿಲ್ಲ. ಹೊಂಡ ಖಾಲಿ ಮಾಡ್ಸಿ, ತೊಳಸಿ, ಹೊಸಾ ನೀರು ತುಂಬಸ್ತೀನಿ. ನಾಕೈದು ತಾಸು ಹಿಡೀತೈತಿ. ಅಲ್ಲೀತನಕ ಮಂದೀಗೆ ಕುಡಿಯಾಕ ನೀರು ಬೇಕು.”

“ಗೌಡರ ಬಾವ್ಯಾಗ ನೀರೈತಲ್ಲ?”

ಊರ ಮೂಡಣ ಅಂಚಿನ ಹಳೆಯ ಮೆಟ್ಟಿಲುಬಾವಿ ಅದು. ನಲ್ಲಿ ಬಂದ ಮೇಲೆ ಅದರ ಕಡೆ ಯಾರೂ ಹೋಗುತ್ತಿರಲಿಲ್ಲ. ಅಡಿವೆಪ್ಪ ಬೈಕಿನಲ್ಲಿ ಹೋಗಿ ಒಂದು ಬಾಟಲಿ ತುಂಬಿಕೊಂಡು ಬಂದ. ಯಂತ್ರ ಆರು ಎಂದಿತು. ಶಾಂಭವಿ ಬ್ಲೀಚಿಂಗ್ ಪುಡಿಯ ಲೆಕ್ಕ ಹಾಕಿ, ಅದನ್ನೂ ಸೇರಿಸಿ ಮತ್ತೊಮ್ಮೆ ಕೇಳಿದಳು. ಏಳು. ಸ್ವಲ್ಪ ಹೊತ್ತಿನಲ್ಲೇ ಬಣ್ಣದ ಮನೆಗಳ ಕೆಲಸಗಾರರು ನೂಲು ಸಾಗಿಸುವ ಟ್ರಾಕ್ಟರುಗಳಲ್ಲಿ ಹೊಸ ಡ್ರಮ್ಮುಗಳನ್ನಿಟ್ಟುಕೊಂಡು ಬಾವಿಯ ಕಡೆ ಹೊರಟರು. ಅಂಗೈ, ಉಗುರುಗಳಲ್ಲಿ ಇನ್ನೂ ನೀಲಿ, ಕೆಂಪು ಹತ್ತಿಕೊಂಡಿದ್ದವರೇ ಓಣಿ ಓಣಿಗೆ ನೀರು ಹಂಚಿದರು. ಮೊದಲ ಟ್ರಾಕ್ಟರು ಮದುವೆ ಮಂಟಪಕ್ಕೆ ಹೋಯಿತು.

ಆದರೂ ಗೇಟಿನ ಮುಂದಿನ ಗುಂಪು ಕರಗಲಿಲ್ಲ. ಶಾಂಭವಿ ಮೂರು ಜಾಡಿಗಳನ್ನು ತಟ್ಟೆಯಲ್ಲಿಟ್ಟುಕೊಂಡು ಹೊರಗೆ ಬಂದಳು. ನಲವತ್ತೆಂಟು ಗಂಟೆ ಮುಗಿದಿತ್ತು. ಮೂರನೆಯದರಲ್ಲಿ ಇಪ್ಪತ್ತೂ ಹುಳುಗಳು ಚುರುಕಾಗಿ ಓಡಾಡುತ್ತಿದ್ದವು. ಮೊದಲನೆಯದರಲ್ಲಿ ಕೆಲವು ಮಂಕಾಗಿದ್ದವು, ಸತ್ತಿರಲಿಲ್ಲ. ಎರಡನೆಯದರಲ್ಲಿ ಒಂದೇ ಒಂದು ಉಳಿದಿತ್ತು.

“ಇದು ಬಣ್ಣ ಇಲ್ಲದ ನೀರು,” ಎಂದು ಎರಡನೆಯ ಜಾಡಿ ಎತ್ತಿ ತೋರಿಸಿದಳು. “ಕಣ್ಣಿಗೆ ತಿಳಿ ಐತಿ. ಇದರಾಗ ದ್ರಾಕ್ಷಿ ಔಷಧ ಐತಿ, ನಾವು ಪಾಚಿಗೆ ಹಾಕಿದ ಮೈಲುತುತ್ತ ಐತಿ. ಎರಡೂ ಮಿತಿಯೊಳಗ ಅದಾವ, ಕೂಡಿದ್ರ ಮಾತ್ರ ಹಿಂಗ. ಮೈಲುತುತ್ತ ಹಾಕ್ರಿ ಅಂತ ಸಹಿ ಮಾಡಿದಾಕಿ ನಾನು. ಹಾಕೂ ಮೊದಲು ಯಂತ್ರಕ್ಕ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಬಣ್ಣದ ಮನಿಯವರಿಂದ ಅಲ್ಲ, ನನ್ನಿಂದ ಆಗಿದ್ದು.”

ಯಾರೋ ಹಿಂದಿನಿಂದ ಬೈದರು. ಇನ್ನೊಬ್ಬರು ಕಲ್ಲು ತಗೋ ಎಂದರು. ಮುಂದಿನ ಸಾಲಿನಲ್ಲಿ ಕಂಕುಳಲ್ಲಿ ಕೂಸು ಹೊತ್ತಿದ್ದ ಒಬ್ಬ ಹೆಂಗಸು ಜಾಡಿಯನ್ನೇ ನೋಡುತ್ತಿದ್ದಳು.

“ಇವತ್ತ ಆ ನೀರು ನಮ್ಮ ನಳಕ್ಕ ಬಂದೈತೇನ್ರಿ?” ಎಂದು ಕೇಳಿದಳು.

“ಇಲ್ಲವಾ. ಒಂಬತ್ತಕ್ಕ ಬಿಡಬೇಕಿತ್ತು, ಬಿಟ್ಟಿಲ್ಲ.”

“ಮುಂಜಾನೆ ನನ್ನ ಕೂಸಿಗೆ ಕುಡಿಸಿದ್ದು?”

“ಅದು ನಿನ್ನಿನ ನೀರು. ಮೂವತ್ತೆಂಟರದು. ಏನೂ ಆಗೂದಿಲ್ಲ.”

ಹೆಂಗಸು ಕೂಸನ್ನು ಎದೆಗವಚಿಕೊಂಡಳು. ಆಮೇಲೆ ಹಿಂದಕ್ಕೆ ತಿರುಗಿ, “ಏ, ಬಾಯಿ ಮಾಡಬ್ಯಾಡ್ರೋ. ಆಕಿ ನಿಲ್ಲಿಸ್ಯಾಳಲ್ಲ!” ಎಂದು ಗದರಿಸಿದಳು. ಕಲ್ಲಿನ ಮಾತು ಅಲ್ಲಿಗೇ ನಿಂತಿತು.

ಪಡಸಲಗಿಯವರು ರೇಷ್ಮೆ ಅಂಗಿಯಲ್ಲೇ ಕಾರಿನಿಂದ ಇಳಿದಾಗ ಹೊಂಡ ಪೂರ್ತಿ ಬರಿದಾಗಿತ್ತು. ತೆಗೆದ ನೀರನ್ನು ಹೊಳೆಗೆ ಬಿಡದೆ ಪಕ್ಕದ ಬರಡು ಗುಂಡಿಗೆ ತುಂಬಿಸಿದ್ದರು. ಲಾಲಸಾಬನ ಜೊತೆ ಅಡಿವೆಪ್ಪ, ಬಣ್ಣದ ಮನೆಯ ಹತ್ತು ಹನ್ನೆರಡು ಜನ ಹೊಂಡದೊಳಗೆ ಇಳಿದು ಗೋಡೆಯ ಪಾಚಿಯನ್ನು ಕೈಯಿಂದಲೇ ಉಜ್ಜಿ ತೆಗೆಯುತ್ತಿದ್ದರು. ಎಂಜಿನಿಯರು ಪರದೆಯನ್ನು ನೋಡಿದರು, ಜಾಡಿಗಳನ್ನು ನೋಡಿದರು, ನೇರ ಪಂಪು ಕೋಣೆಗೆ ಹೋಗಿ ಹೊಸ ನೀರಿನ ಪಂಪನ್ನು ತಾವೇ ಚಾಲೂ ಮಾಡಿದರು.

ನಾಲ್ಕು ಗಂಟೆಗೆ ಮೊದಲ ಅಂಕಿ ಬಂತು. ಮೂವತ್ತು. ಹೊಂಡದ ತಳದಲ್ಲಿ ಉಳಿದಿದ್ದ ಪಸೆಯಿಂದ ಎಂದುಕೊಂಡು ಶಾಂಭವಿ ಇನ್ನರ್ಧ ಗಂಟೆ ಕಾದಳು. ಹದಿನಾರು. ಐದು ಗಂಟೆಗೆ ನಾಲ್ಕು. ಐದೂಕಾಲಿಗೆ ಮತ್ತೆ ನೋಡಿದಳು. ನಾಲ್ಕೇ.

“ಬಿಡ್ರಿ ಲಾಲಸಾಬಣ್ಣ,” ಎಂದಳು. ಅಲ್ಲೇ ಮೆಟ್ಟಿಲ ಮೇಲೆ ಕುಳಿತಳು. ದಪ್ಪ ಪೈಪಿನೊಳಗೆ ನೀರು ಗುಡುಗುಡು ಎನ್ನುತ್ತ ಊರ ಕಡೆ ಹೋಗುವ ಸದ್ದು ಕೇಳಿಸಿತು. ಬೆಳಿಗ್ಗೆಯಿಂದ ಒಂದು ತುತ್ತೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಮದುವೆ ಮಂಟಪದವರು ಕಳಿಸಿದ್ದ ಬುಂದೆಯ ಪೊಟ್ಟಣವನ್ನು ಅಡಿವೆಪ್ಪ ಬಿಚ್ಚಿ ಅವಳ ಮುಂದೆ ಹಿಡಿದ. ಅವಳು ಎರಡೂ ಕೈಯಿಂದ ತಿಂದಳು.

ಮಂಗಳವಾರ ಮೇಲಿನ ಕಚೇರಿಯಿಂದ ವಿವರಣೆ ಕೇಳಿ ಪತ್ರ ಬಂತು. ಅಪ್ಪಣೆಯಿಲ್ಲದೆ ನೀರು ನಿಲ್ಲಿಸಿದ್ದೇಕೆ? ಪೂರ್ವಪರೀಕ್ಷೆಯಿಲ್ಲದೆ ಮೈಲುತುತ್ತ ಶಿಫಾರಸು ಮಾಡಿದ್ದೇಕೆ? ಶಾಂಭವಿ ಎರಡಕ್ಕೂ ಇದ್ದದ್ದನ್ನು ಇದ್ದ ಹಾಗೆ ಬರೆದು, ಪಡಸಲಗಿಯವರ ಮೇಜಿನ ಮೇಲಿಟ್ಟಳು. ಅವರು ಓದಿ ಪೆನ್ನು ತೆಗೆದರು. ಕೆಳಗೆ ತಮ್ಮ ಕೈಯಾರೆ ಎರಡು ಸಾಲು ಸೇರಿಸಿದರು. ಶುಕ್ರವಾರವೇ ಈಕೆ ಎಚ್ಚರಿಸಿದ್ದರು, ನಿಲ್ಲಿಸಲು ಒಪ್ಪದವನು ನಾನು. ಭಾನುವಾರ ಫೋನು ಎತ್ತದವನೂ ನಾನು.

“ಸರ್, ಇದು ಬೇಕಾಗಿರಲಿಲ್ರಿ.”

“ಬೇಕಾಗಿತ್ತು,” ಎಂದರು ಅವರು. “ಇನ್ನೊಂದು ಬರೀರಿ. ದ್ರಾಕ್ಷಿ ತ್ವಾಟದ ಕೆಳಗ ಬರೋ ಎಲ್ಲಾ ಊರಿನ ನೀರಿನ ಕೇಂದ್ರಕ್ಕೂ ಈ ವಿಷಯ ಹೋಗಬೇಕು. ಇವತ್ತ.”

ಸಂಜೆ ಶಾಂಭವಿ ನಾದಿನಿಯ ಬಣ್ಣದ ಮನೆಗೆ ಹೋದಳು. ಮುಚ್ಚುವ ಆದೇಶವನ್ನು ಪುರಸಭೆ ಹಿಂದಕ್ಕೆ ತೆಗೆದುಕೊಂಡಿತ್ತು. ಒಲೆಗಳು ಉರಿಯುತ್ತಿದ್ದವು. ಹಂಡೆಗಳಲ್ಲಿ ಅರಿಶಿನ ಬಣ್ಣ ಕುದಿಯುತ್ತಿತ್ತು. ಕೆಲಸಗಾರರು ನೂಲಿನ ಲಡಿಗಳನ್ನು ಕೋಲಿಗೆ ಹಾಕಿ ಅದ್ದಿ ಎತ್ತುತ್ತಿದ್ದರು.

“ನಮ್ಮ ಹೊಲಸು ಊರಿಗೆ ಔಷಧ ಅಂತ ಬಜಾರದಾಗ ಮಾತಾಡಾಕ ಹತ್ಯಾರ,” ಎಂದು ದಾನಮ್ಮ ನಕ್ಕಳು.

“ಔಷಧ ಏನೂ ಅಲ್ಲಕ್ಕ. ಮೈಲುತುತ್ತ ಹೋದ ಮ್ಯಾಲ ಅಂಕಿ ನಾಕಿತ್ತು, ನಿಮ್ಮ ಒಲಿ ಹತ್ತಿದ ಮ್ಯಾಲ ಒಂಬತ್ತು. ಐದು ನಿಮ್ಮದ. ಹನ್ನೊಂದು ಮನಿ ಕೂಡಿ ಒಂದು ಸೋಸೋ ಘಟಕ ಕಟ್ಟಬೇಕು. ಆರು ತಿಂಗಳು ವಾಯಿದೆ ಕೊಟ್ಟಾರ.”

“ಕೈ ಹಿಡಿದು ಎತ್ತಿದಾಕಿನ ಮತ್ತ ಬಂದು ಕಿವಿ ಹಿಂಡ್ತಿ, ನೋಡು!” ದಾನಮ್ಮ ಗೊಣಗಿದಳು. ಆದರೂ ಸೆರಗಿನಿಂದ ಕೈ ಒರೆಸಿಕೊಂಡು ಹಿತ್ತಲ ಕಡೆ ನಡೆದಳು. “ಬಾ. ಜಾಗಾ ತೋರಸ್ತೀನಿ. ಹಳ್ಳದ ಬಾಜೂಕ ಸಾಕಷ್ಟೈತೇನ ನೋಡಿ ಹೇಳು.”

ಶಾಂಭವಿ ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೋದಳು. ಅಳೆಯಲು ಟೇಪು ತಂದಿರಲಿಲ್ಲ. ಇಬ್ಬರೂ ಒಬ್ಬರ ಹಿಂದೊಬ್ಬರು ಹೆಜ್ಜೆ ಎಣಿಸುತ್ತ ಹೊರಟರು. ನಡುವೆ ಲೆಕ್ಕ ತಪ್ಪಿತು. ಇಬ್ಬರೂ ನಕ್ಕು ಮತ್ತೆ ಮೊದಲಿನಿಂದ ಎಣಿಸತೊಡಗಿದರು.